ಹಾಲೇಶನ ಕ್ವಾರಿಯ ಆಚೆಗೆ

ಕರೇಗುಡ್ಡದ ಹಟ್ಟಿ, ಕುಷ್ಟಗಿ ತಾಲೂಕು
೨೪ ಅಕ್ಟೋಬರ್ ೨೦೨೫, ಶುಕ್ರವಾರ

ಪ್ರೀತಿಯ ಶೈಲಾ,

ಮೈಯಲ್ಲಿ ಹೇಗಿದ್ದೀಯ? ಹೊಟ್ಟೆಗೆ ತಿನ್ನುತ್ತಿದ್ದೀಯೋ, ಇಲ್ಲ ಆ ಡಬ್ಬಿಯ ಊಟವನ್ನು ಮುಂದೆ ಇಟ್ಟುಕೊಂಡು ಗೋಡೆ ನೋಡುತ್ತ ಕೂಡುತ್ತೀಯೋ? ಆರು ತಿಂಗಳ ಕತ್ತಲೆ ಕಳೆದು ನಿಮ್ಮ ದಕ್ಷಿಣ ಧ್ರುವದಲ್ಲಿ ಸೂರ್ಯ ಹುಟ್ಟಿದ್ದಾನೆ ಎಂದಿದ್ದೆ. ಹುಟ್ಟಿದ ಸೂರ್ಯನಿಗೆ ಒಂದಿಷ್ಟು ಮುಖ ತೋರಿಸು. ಕಿವಿಗೆ ಬಟ್ಟೆ ಕಟ್ಟಿಕೋ. ನಿಮ್ಮವ್ವನ ಮಣ್ಣಿಗೆ ಬರಲಾಗಲಿಲ್ಲ ಎಂದು ಫೋನಿನಲ್ಲಿ ಅತ್ತೆಯಲ್ಲ, ಆ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಬರುವ ತಿಂಗಳ ತನಕ ಒಂದು ವಿಮಾನವೂ ಇಳಿಯದ ಜಾಗಕ್ಕೆ, ಭೂಮಿಯ ಬುಡಕ್ಕೆ ಹೋಗಿ ಯಾಕೆ ಕೂತೆ ಎಂದು ಬೈಯಬೇಕು ಅಂದುಕೊಂಡಿದ್ದೆ. ಬಿಟ್ಟೆ. ಇವತ್ತು ಬೈಯುವುದಕ್ಕೆ ಅದಕ್ಕಿಂತ ದೊಡ್ಡದು ಸಿಕ್ಕಿದೆ.

ನನ್ನ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಎಮ್ಮೆ ಈದಿದೆ, ಹೆಣ್ಣು ಕರು. ನಿಮ್ಮವ್ವ ಇದ್ದಿದ್ದರೆ ಗಿಣ್ಣ ಮಾಡಿ ಓಣಿಗೆಲ್ಲ ಹಂಚುತ್ತಿದ್ದಳು, ನಾನು ದುಂದುಗಾರ್ತಿ ಎಂದು ಬೈಯುತ್ತಿದ್ದೆ, ಅವಳು ಕೇಳಿಸದವಳ ಹಾಗೆ ಹಂಚುತ್ತಲೇ ಇರುತ್ತಿದ್ದಳು. ಈಗ ಹಾಲು ಕರುವೇ ಕುಡಿಯುತ್ತಿದೆ. ಮೂರನೇ ಇಯತ್ತೆ ಕಲಿತ ಕೈ ಇದು. ಒತ್ತಕ್ಷರ ತಪ್ಪಿದಲ್ಲಿ ನಗು, ಆದರೆ ಮಾತು ತಪ್ಪಿದೆ ಎಂದು ದಾಟಿ ಹೋಗಬೇಡ. ಪೂರಾ ಓದು. ಮಧ್ಯೆ ಎದ್ದು ಹೋಗಿ ನಿಮ್ಮಪ್ಪನಿಗೆ ಫೋನು ಹಚ್ಚಿದರೆ ನನ್ನ ಆಣೆ ಇದೆ.

ಸೀಗಿ ಹುಣ್ಣಿಮೆಯ ದಿನ ನಡೆದದ್ದನ್ನು ನಿಮ್ಮಪ್ಪ ನಿನಗೆ ಹೇಳಿದ್ದಾನೆ, ಆದರೆ ಅವನು ಅಲ್ಲಿರಲಿಲ್ಲ. ಇದ್ದವಳು ನಾನು. ಬೆಳಗ್ಗೆಯಿಂದ ನಿಮ್ಮವ್ವ ಅನ್ನಪೂರ್ಣ ಒಲೆ ಮುಂದೆ. ಸಜ್ಜಿ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ. ಭೂಮಿತಾಯಿ ತುಂಬಿದ ಬಸುರಿ, ಆ ದಿನ ಅವಳ ಬಯಕೆ ತೀರಿಸುವುದು ಎಂದು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ದಿನ ನೆಲಕ್ಕೆ ಗುದ್ದಲಿ ಹಾಕುವುದಿಲ್ಲ, ನೇಗಿಲು ಹೂಡುವುದಿಲ್ಲ, ಒಂದು ಗೂಟ ಸಹ ಹುಗಿಯುವುದಿಲ್ಲ. ನಿಮ್ಮಪ್ಪ ಮೋಟರು ರಿಪೇರಿಗೆ ಕುಷ್ಟಗಿಗೆ ಹೋಗುತ್ತೇನೆಂದು ಹೊರಟ. ನಾವಿಬ್ಬರೇ ಊರ ಹೊಲಕ್ಕೆ ಹೋದೆವು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ನಿಮ್ಮವ್ವ ಉಡಿ ತುಂಬಿದಳು. ಎಡೆಯನ್ನು ಹೊಲದ ತುಂಬ ಎರಚುತ್ತ ಚರಗ ಚೆಲ್ಲುವಾಗ ಪುಂಡಿಪಲ್ಲೆ ಮೊದಲು ಚೆಲ್ಲಿದಳು. ಕಡುಬು ಮೊದಲಲ್ಲವೇನೇ ಎಂದರೆ, "ಅತ್ತೀ, ಬಸರಾಗಿದ್ದಾಗ ನಂಗ ಹುಳೀನ ಬೇಕಾಗಿತ್ತು, ನೀವು ಕೊಡಲಿಲ್ಲ. ಆಕೀಗರೆ ಕೊಡೂಣು" ಅಂದಳು. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು ನೋಡು, ಗಟ್ಟಿಗಿತ್ತಿ. ಇಬ್ಬರೂ ನಕ್ಕೆವು. ಉಂಡ ಮೇಲೆ ಬಿಸಿಲಿಗೆ ತಲೆ ಸುತ್ತುತ್ತದೆ ಎಂದು ಹೊಲದ ತಗಡಿನ ಶೆಡ್ಡಿನೊಳಗೆ ಹೋಗಿ ಹಾಸುಬಂಡೆಯ ಮೇಲೆ ಅಡ್ಡಾದಳು.

ಢಂ ಎಂದಿತು. ಪಕ್ಕದಲ್ಲಿ ಹಾಲೇಶನ ಕಲ್ಲಿನ ಕ್ವಾರಿ ಬಂದು, ತೋಟಾ ಇಟ್ಟು ಬಂಡೆ ಸಿಡಿಸತೊಡಗಿದ ಮೇಲೆ ನಮಗೆ ಢಂ ಎಂದರೆ ಕೋಳಿ ಕೂಗಿದ ಹಾಗೆ. ನಾನು ತಲೆ ಸಹ ಎತ್ತಲಿಲ್ಲ. ಆಮೇಲೆ ತಗಡು ಹರಿದ ಸಪ್ಪಳ. ಒಳಗೆ ಹೋದರೆ ಮಾಡಿನಲ್ಲಿ ತೂತು, ತೂತಿನಿಂದ ಬಿಸಿಲಿನ ಕೋಲು, ಕೋಲಿನಲ್ಲಿ ಧೂಳು ಕುಣಿಯುತ್ತಿತ್ತು. ತೆಂಗಿನಕಾಯಿಯಷ್ಟು ಕಲ್ಲು. ನಿಮ್ಮವ್ವನ ಎಡಗಡೆ ತಲೆ ಇರಲಿಲ್ಲ ಶೈಲಾ. ನಿಮ್ಮಪ್ಪ ನಿನಗೆ ಪೆಟ್ಟು ಬಿತ್ತು ಎಂದ, ನಾನು ಹಾಗೆ ಹೇಳುವುದಿಲ್ಲ. ಕಲ್ಲು ತಗಡು ಹರಿದು, ತಲೆ ಒಡೆದು, ಕೆಳಗಿನ ಬಂಡೆಯನ್ನೂ ಕಚ್ಚಿ, ಮೂಲೆಗೆ ಉರುಳಿ ಕೂತಿತ್ತು. ಕಾಲಿನ ಬೆರಳು ಇನ್ನೂ ಆಡುತ್ತಿದ್ದವು. ನಾನು ಆ ಕಲ್ಲನ್ನು ಎತ್ತಿ ಹೊರಗೆ ಬಿಸಾಡಿದೆ. ತಣ್ಣಗಿತ್ತು. ಕೈಗೆ ಹಸಿ ಕೆಸರು ಹತ್ತಿತು, ರಕ್ತದ ಜೊತೆಗೆ ಅದನ್ನೂ ಸೆರಗಿಗೆ ಒರೆಸಿಕೊಂಡೆ. ಈ ಕೆಸರಿನ ಮಾತು ನೆನಪಿಟ್ಟುಕೋ. ನಾನು ಇಟ್ಟುಕೊಳ್ಳಲಿಲ್ಲ.

ನೀನು ಹೋಗುವ ಮುಂಚೆ ಕಟ್ಟೆಯ ಮೇಲೆ ಕೂತು ನಮಗಿಬ್ಬರಿಗೂ ನಿನ್ನ ಕೆಲಸ ಏನೆಂದು ತಿಳಿಸಿದೆಯಲ್ಲ, ನಿಮ್ಮವ್ವ ಶೇಂಗಾ ಸುಲಿಯುತ್ತಿದ್ದಳು. ಮೈಲಿಗಿಂತ ಆಳ ಮಂಜುಗಡ್ಡೆಯಲ್ಲಿ ಬೋರು ಕೊರೆದ ಹಾಗೆ ಕೊರೆದು, ಹಗ್ಗಕ್ಕೆ ಗಾಜಿನ ಗುಂಡು ಪೋಣಿಸಿ ಇಳಿಬಿಟ್ಟಿದ್ದಾರೆ, ಅವು ಕತ್ತಲೆಯಲ್ಲಿ ಕಣ್ಣು ಬಿಟ್ಟು ಕಾಯುತ್ತವೆ ಎಂದೆ. ನ್ಯೂಟ್ರಿನೋ ಎಂಬ ಕಣ ಗೋಡೆ, ಗುಡ್ಡ, ಭೂಮಿ ಯಾವುದಕ್ಕೂ ತಾಗದೆ ತೂರಿ ಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಆ ಮಂಜುಗಡ್ಡೆಗೆ ಡಿಕ್ಕಿ ಹೊಡೆದರೆ ಮ್ಯುವಾನ್ ಎಂಬ ಇನ್ನೊಂದು ಕಣ ಹುಟ್ಟಿ, ಮೊದಲಿನದು ಹೊರಟಿದ್ದ ದಾರಿಯಲ್ಲೇ ಮುಂದಕ್ಕೆ ಓಡುತ್ತ ನೀಲಿ ಬೆಳಕಿನ ಗೆರೆ ಎಳೆಯುತ್ತದೆ. ರಭಸ ಹೆಚ್ಚಿದ್ದಷ್ಟೂ ಗೆರೆ ನೆಟ್ಟಗಿರುತ್ತದೆ. ಆ ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಆಕಾಶದಲ್ಲಿ ಎಸೆದವರ ಮನೆ ಸಿಗುತ್ತದೆ ಎಂದೆ. ಯಾರೇ ಎಸೆಯುವವರು ಎಂದು ನಾನು ಕೇಳಿದೆ. "ಕಪ್ಪು ಕುಳಿ ಅಜ್ಜಿ, ಸೂರ್ಯಾನ್ನ ಹರಿದು ನುಂಗತಾವ, ನುಂಗಾಕ ಆಗದ್ದನ್ನ ಉಗುಳ್ತಾವ" ಅಂದೆ. ಸುಡುಗಾಡು ಕೆಲಸ ಎಂದು ನಾನು ಅಂದೆ. ನಿಮ್ಮವ್ವ ಮಾತ್ರ ಶೇಂಗಾ ಬಿಟ್ಟು ಕೇಳಿದಳು: "ಯವ್ವಾ, ಗೆರಿ ಹಿಡಕೊಂಡು ಹಿಂದಕ್ಕ ಹೋಗೂ ಮುಂದ ನಡುವ ಮತ್ತ ಯಾರರೆ ನಿಂತಿದ್ರ? ಒಗದಾಂವ ಅಂವನೋ, ಅವನ ಹಿಂದಿನಾಂವನೋ, ಹೆಂಗ ತಿಳೀತೈತಿ?" ನೀನು ಅವಳ ಕೆನ್ನೆ ಹಿಂಡಿ, "ಗೆರಿ ದಿಕ್ಕು ಹೇಳತೈತಿ ಅವ್ವಾ, ದೂರ ಹೇಳಂಗಿಲ್ಲ. ಒಂದು ಗೆರಿ ಸಾಲಂಗಿಲ್ಲ. ಇನ್ನೊಂದು ಬರೂತನಾ ಕಾಯಬೇಕು. ಅದ ಹೊತ್ತಿಗೆ ಅಲ್ಲಿ ಏನರೆ ಉರಿದಿತ್ತೇನು ಅಂತ ನೋಡಬೇಕು" ಅಂದೆ. ನಿಮ್ಮವ್ವ ಆ ಮಾತನ್ನು ನೀರಿಗೆ ಹೋದಲ್ಲೆಲ್ಲ ಹೇಳಿಕೊಂಡು ಮೆರೆದಳು.

ಈಗ ನಿನ್ನನ್ನು ಬೈಯುತ್ತೇನೆ, ಕೇಳು. ಮಣ್ಣು ಮಾಡಿ ಬಂದ ಮೇಲೆ ನಿಮ್ಮಪ್ಪ ಮೊಬೈಲ್ ಅಂಗಡಿಯ ಪ್ರಭುರಾಜನನ್ನು ಕರೆಸಿ ತಗಡಿನ ತೂತು, ಬಂಡೆಯ ಗಾಯ ಎರಡರದೂ ಫೋಟೋ ತೆಗೆಸಿ ನಿನಗೆ ಕಳಿಸಿದ. ನೀನು ಅಳುತ್ತಲೇ ಲೆಕ್ಕ ಹಾಕಿದೆ. ಚಾವಡಿಯಲ್ಲಿ ಹಟ್ಟಿಯ ಗಂಡಸರೆಲ್ಲ ಕೂತಾಗ ಅವನು ಫೋನಿನ ದನಿ ದೊಡ್ಡದು ಮಾಡಿ ಹಿಡಿದ. ಕಲ್ಲು ಮೇಲೆ ಹೋಗಿ ಬಾಗಿ ಇಳಿಯುತ್ತದೆ, ಆದರೆ ಎಡಕ್ಕೂ ಬಲಕ್ಕೂ ಸರಿಯುವುದಿಲ್ಲ, ಅದಕ್ಕೇ ದಿಕ್ಕು ಖಚಿತ ಎಂದೆ. ಆಮೇಲೆ ಅಂದೆ: "ಗೆರಿ ನೆಟ್ಟಗ ಹಾಲೇಶನ ಕ್ವಾರಿ ಮ್ಯಾಲೆ ಹೋಗತೈತಪ್ಪಾ." ಅಷ್ಟೇ ಸಾಕಾಯಿತು. ಯಾರೂ ಇನ್ನೊಂದು ಮಾತು ಕೇಳಲಿಲ್ಲ. ಮಂಜಿನಲ್ಲಿ ಕೂತ ಹುಡುಗಿ, ಆಕಾಶದ ಲೆಕ್ಕ ಹಾಕುವವಳು, ಹೇಳಿಬಿಟ್ಟಳು. ನಿನ್ನ ಗೆರೆಯನ್ನು ಬಡಿಗೆಯ ಹಾಗೆ ಕೈಯಲ್ಲಿ ಹಿಡಿದು ಎದ್ದರು.

ಹಾಲೇಶ ಉಣ್ಣುತ್ತ ಕೂತಿದ್ದ. ಕೈ ತೊಳೆಯಲು ಬಿಡಲಿಲ್ಲ, ಕೂದಲು ಹಿಡಿದು ಅಂಗಳಕ್ಕೆ ಎಳೆದರು. ಅವನದೇ ಕ್ವಾರಿಯ ಸುತ್ತಿಗೆ ತಂದು ಮೊದಲು ಬಲ ಮೊಣಕಾಲು, ಆಮೇಲೆ ಎಡದ್ದು. ಹಸಿ ಕಟ್ಟಿಗೆ ಮುರಿದ ಸಪ್ಪಳ ಅಲ್ಲ ಅದು, ಮಡಕೆ ಒಡೆದ ಸಪ್ಪಳ. ಹೆಂಡತಿ ಮೇಲೆ ಬಿದ್ದಳು, ಅವಳ ಕೈ ಮುರಿದು ಬದಿಗೆ ಒಗೆದರು. ಯಾರದೋ ಬಡಿಗೆಯ ತುದಿ ಅವನ ಕಣ್ಣಿಗೆ ಹೊಕ್ಕಿತು. ಟ್ರ್ಯಾಕ್ಟರಿಗೆ ಬೆಂಕಿ ಇಟ್ಟರು, ಟೈರಿನ ಹೊಗೆ ಹಟ್ಟಿಯ ಮೇಲೆಲ್ಲ ಕರಿ ಕಂಬಳಿಯ ಹಾಗೆ ಇಳಿಯಿತು. ಅಂಗಳದ ಅಂಚಿನಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕಿದವರಲ್ಲಿ ನಾನೂ ಒಬ್ಬಳು. ಹಾಲೇಶ ಕಡೆಯ ತನಕ ಒಂದೇ ಮಾತು ಕೂಗಿದ: "ಹುಣ್ಣಿವಿ ದಿನಾ ಬಸರಿ ಹೊಟ್ಟಿಗೆ ಯಾರರೆ ತೋಟಾ ಇಡ್ತಾರೇನ್ರೋ! ನನ್ನ ಆಳು ಎಲ್ಲಾ ಅವರವರ ಹೊಲದಾಗಿದ್ರು, ನಾನೂ ನನ್ನ ಹೊಲದಾಗಿದ್ದೆ!" ದುಡ್ಡಿನ ಹಸಿವಿಗೆ ಹುಣ್ಣಿಮೆ ಏನು ಅಮಾಸಿ ಏನು ಎಂದು ಎಲ್ಲರೂ ಅಂದರು. ಎಲ್ಲರಿಗಿಂತ ಜೋರಾಗಿ ಬಡಿದವನು ನಿಮ್ಮಪ್ಪ. ಹೆಂಡತಿ ಸತ್ತವನ ಸಿಟ್ಟು ಎಂದು ಜನ ದಾರಿ ಬಿಟ್ಟರು.

ನೋಡು, ಅಲ್ಲೇ ನಾವೆಲ್ಲ ಮುಗ್ಗರಿಸಿದೆವು. ಸೀಗಿ ಹುಣ್ಣಿಮೆಗೆ ಹೊಲ ಉಳುವ ಒಕ್ಕಲಿಗನಾದವನು ನೆಲಕ್ಕೆ ತೋಟಾ ಇಡುವುದಿಲ್ಲ ಎಂಬುದು ನಮಗೆ ಎಷ್ಟು ಗಟ್ಟಿ ಎಂದರೆ, ಒಕ್ಕಲಿಗರ ಕಡೆ ಯಾರೂ ಕಣ್ಣು ಹಾಯಿಸಲೇ ಇಲ್ಲ. ಉಳಿದವನು ಕ್ವಾರಿಯವನು ಒಬ್ಬನೇ. ಗೆರೆಯೂ ಅವನ ಮೇಲೆಯೇ ಹೋಗಿತ್ತು.

ದೀಪಾವಳಿಗೆ ನಮ್ಮ ಮನೆಯಲ್ಲಿ ದೀಪ ಇಲ್ಲ. ಮನೆಯಲ್ಲಿ ಕೂತರೆ ಹೊಗೆ ಹಾಕಿದ ಹಾಗೆ ಆಗುತ್ತದೆ ಎಂದು ಇಮಾಮಬೀಯ ಹೊಲಕ್ಕೆ ಹೋದೆ. ನಿನಗೆ ಗೊತ್ತಲ್ಲ, ನಮ್ಮ ಹೊಲದ ಬಲಕ್ಕೆ ಒಂದು ಬದು ದಾಟಿದರೆ ಅವಳದು. ಹುಣ್ಣಿಮೆಯ ದಿನ ಅವಳ ಪ್ಲಾಸ್ಟಿಕ್ ನೀರಿನ ಟಾಕಿಗೂ ಕಲ್ಲು ಬಡಿದಿತ್ತು, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಿದ್ದಿತ್ತು. ನಮ್ಮ ಮನೆಯಲ್ಲಿ ಹೆಣ ಬಿದ್ದಿರುವಾಗ ಟಾಕಿಯ ಮಾತು ಎತ್ತುವುದು ಹೇಗೆ ಎಂದು ಅವಳು ಸುಮ್ಮನಿದ್ದಳು. ಹಾಳಾದ ಟಾಕಿಯನ್ನು ಬಿಸಾಡುವ ಹೆಂಗಸಲ್ಲ ಅವಳು. ಎರಡೂ ತೂತಿಗೆ ಒಂದು ಬಿದಿರಿನ ಗಳ ತೂರಿಸಿ ಬಟ್ಟೆ ಒಣಗಿಸಲು ಹಾಕಿದ್ದಳು. ಹೊಕ್ಕ ತೂತು ಮೇಲೆ, ಬಿಟ್ಟ ತೂತು ಕೆಳಗೆ. ಗಳ ಓರೆಯಾಗಿ ನಿಂತು ಬಟ್ಟೆಯೆಲ್ಲ ಜಾರಿ ಒಂದೇ ಕಡೆ ಗುಡ್ಡೆ ಬಿದ್ದಿತ್ತು. "ಏನ್ ಮಾಡ್ಲಿ ಹುಲಗವ್ವಾ, ಹಾಕಿದ್ದು ಹಾಕಿದಂಗ ಇಳೀತಾವ, ನಿನ್ನ ಮಗನ ಲುಂಗಿ ಹಂಗ" ಅಂದಳು. ನಗು ಬಂತು. ನಕ್ಕು ತಲೆ ಎತ್ತಿದರೆ ಗಳದ ಮೇಲಿನ ತುದಿ ಕಂಡಿತು. ಅದು ಹಾಲೇಶನ ಕ್ವಾರಿಯ ಕಡೆ ನೋಡುತ್ತಿರಲಿಲ್ಲ. ಕ್ವಾರಿಯನ್ನು ಎಡಕ್ಕೆ ಬಿಟ್ಟು ಅದರ ಆಚೆಗೆ ನೋಡುತ್ತಿತ್ತು.

ಇನ್ನೊಂದು ಗೆರೆ ಬರುವ ತನಕ ಕಾಯಬೇಕು ಎಂದಿದ್ದೆ. ಬಂದಿತ್ತು. ಅವತ್ತೇ ಬಂದಿತ್ತು, ಅದರ ಮೇಲೆ ಚಡ್ಡಿ ಒಣಗಿಸಿದ್ದರು.

ಇಮಾಮಬೀಗೆ ಹೇಳಿದೆ, ನೀನು ಗಳ ತೋರಿಸಿದ ಕಡೆಗೆ ನೆಟ್ಟಗೆ ನಡೆ, ಸಜ್ಜೆ ಅಡ್ಡ ಬಂದರೂ ತುಳಿ, ಸೊಟ್ಟ ಹೋಗಬೇಡ. ನಾನು ನಮ್ಮ ಶೆಡ್ಡಿನ ತೂತಿನಿಂದ ನಡೆಯುತ್ತೇನೆ. ಅವಳು "ಅಲ್ಲಾ, ಈ ಮುದಿಕಿಗಿ ತಲಿ ಕೆಟ್ಟೈತಿ" ಎನ್ನುತ್ತಲೇ ಹೊರಟಳು. ನಾನು ಬಂಡೆಯ ಗಾಯದ ಹತ್ತಿರ ಕೂತು ತಗಡಿನ ತೂತಿನಲ್ಲಿ ಕಣ್ಣಿಟ್ಟು ದಿಕ್ಕು ಹಿಡಿದೆ, ಆ ದಿಕ್ಕಿಗೆ ದೂರದ ದಿನ್ನೆಯ ಮೇಲೆ ಒಂದು ಹುಣಸೆ ಮರ. ಮರದ ಮೇಲೆ ಕಣ್ಣಿಟ್ಟು ನಡೆದೆ. ಹಾಲೇಶನ ಕ್ವಾರಿ ಬಂತು, ಸುಟ್ಟ ಟ್ರ್ಯಾಕ್ಟರು ನಾಯಿಯ ಎಲುಬಿನ ಗೂಡಿನ ಹಾಗೆ ಬಿದ್ದಿತ್ತು. ಕುಳಿಯ ಅಂಚಿಗೆ ಸುತ್ತು ಹಾಕಿ ಮತ್ತೆ ಮರದ ಗುರಿ ಹಿಡಿದೆ. ನೀನು ಅಲ್ಲಿಗೆ ನಿಲ್ಲಿಸಿದೆಯಲ್ಲ ಶೈಲಾ, ನಾನು ನಿಲ್ಲಲಿಲ್ಲ. ಮೊಣಕಾಲು ಚೀರಿದರೂ ನಿಲ್ಲಲಿಲ್ಲ. ದಿನ್ನೆ ಇಳಿದು ಜಾಲಿಯ ಬೇಲಿ ದಾಟಿ ನೋಡಿದರೆ, ಬಲ ಬದಿಯಿಂದ ಇಮಾಮಬೀ ಮುಳ್ಳಿಗೆ ಬೈಯುತ್ತ ಬರುತ್ತಿದ್ದಳು. ಇಬ್ಬರ ಮುಂದೆಯೂ ನಮ್ಮ ಬಾವಿ. ಕೆಂಪು ಹೊಲ ಎನ್ನುವ ನಮ್ಮ ಎರಡನೇ ಹೊಲದ ಹೊಸ ಬಾವಿ, ನಿಮ್ಮಪ್ಪ ಎರಡು ವರ್ಷದಿಂದ ತೋಡಿಸುತ್ತಿರುವುದು. "ಯಾಕ ಹುಲಗವ್ವಾ, ನೀನೂ ಇಲ್ಲಿಗೇ ಬಂದಿ?" ಅಂದಳು. ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

ತಳದಲ್ಲಿ ಹೊಸದಾಗಿ ಸೀಳಿದ ಕಲ್ಲು, ಅದರ ಸುತ್ತ ಹಸಿ ಕೆಸರು. ಅಂಚಿನ ಕಲ್ಲಿನ ಸಂದಿನಲ್ಲಿ ತೋಟಾ ಸಿಡಿಸುವ ಕೆಂಪು, ಹಳದಿ ವೈರಿನ ತುಂಡು, ಎತ್ತಿಕೊಂಡೆ. ತೋಟಾ ಹಾರಿಸುವ ಮುಂಚೆ ಕಲ್ಲು ಹಾರದಂತೆ ಬಾವಿಯ ಬಾಯಿಗೆ ದಿಮ್ಮಿ, ತಂತಿಯ ಜಾಲರಿ, ಅದರ ಮೇಲೆ ಮರಳಿನ ಚೀಲ ಹೇರಬೇಕು, ಅದು ಹಸುಗೂಸಿಗೂ ಗೊತ್ತು. ದಿಮ್ಮಿ ಒಂದು ಬದಿಗೆ ಹೇರಿದ್ದು ಹೇರಿದಂತೆಯೇ ಇತ್ತು, ಅದರ ಮೇಲೆ ಜೇಡ ಮನೆ ಕಟ್ಟಿತ್ತು. ಕ್ವಾರಿಯ ಕಲ್ಲು ಒಣ ಕಲ್ಲು. ನಿಮ್ಮವ್ವನನ್ನು ಕೊಂದ ಕಲ್ಲಿಗೆ ಕೆಸರಿತ್ತು.

ಮನೆಗೆ ಬಂದು ನಿಮ್ಮಪ್ಪನ ಮುಂದೆ ಆ ವೈರು ಇಟ್ಟೆ. ದುರಗಪ್ಪ ನನ್ನ ಹೊಟ್ಟೆಯ ಮಗ, ನನಗೆ ಎದುರು ಮಾತಾಡಿದವನಲ್ಲ. ಗೋಡೆಗೆ ಆನಿಸಿದ್ದ ಹಾರೆ ಎತ್ತಿದ. "ಬಾಯಿ ತೆಗದಿ ಅಂದ್ರ ಇಲ್ಲೇ ಹೂಳ್ತೀನಿ ಬೇ" ಅಂದ. ಹೂಳು, ಆದರೆ ಹುಣ್ಣಿಮೆ ನೋಡಿ ಹೂಳಬೇಡ, ನಿನಗೆ ಆಗಿಬರುವುದಿಲ್ಲ ಅಂದೆ. ಹಾರೆ ಬೀಸಿದ. ನನ್ನ ಕಿವಿಯ ಪಕ್ಕ ಗೋಡೆಗೆ ಬಿದ್ದು ಗಾರೆ ಕಿತ್ತು ಬಂತು, ಮುಖದ ತುಂಬ ಮಣ್ಣು. ಆಮೇಲೆ ಕುಕ್ಕರಿಸಿ ಕೂತು ಹೊಸ್ತಿಲಿಗೆ ಹಣೆ ಚಚ್ಚಿಕೊಂಡ. ಚಚ್ಚಿಕೊಳ್ಳಲು ಬಿಟ್ಟೆ. ರಕ್ತ ಮೂಗಿಗೆ ಇಳಿದ ಮೇಲೆ ಬಾಯಿ ಬಿಟ್ಟ. ಹುಣ್ಣಿಮೆಗೆ ಕ್ವಾರಿಗಳೆಲ್ಲ ಬಂದ್, ತೋಟಾದವನು ಆ ದಿನ ಖಾಲಿ ಇದ್ದ, ನಾಳೆಯಾದರೆ ಇನ್ನೊಂದು ತಿಂಗಳು ಸಿಗುವುದಿಲ್ಲ ಎಂದನಂತೆ. ನಮಗೆ ಹೇಳಿದರೆ ಹುಣ್ಣಿಮೆ ಎಂದು ತಡೆಯುತ್ತೇವೆಂದು ಮೋಟರಿನ ಸುಳ್ಳು. ದಿಮ್ಮಿ ಹೇರಲು ಆಳು ಇಲ್ಲ, ಎಲ್ಲರೂ ಚರಗಕ್ಕೆ ಹೋಗಿದ್ದಾರೆ. ಯಾರೂ ಇಲ್ಲದ ಹೊಲ, ಏನಾಗುತ್ತದೆ ಎಂದು ಹಾರಿಸಿದರು. ತೋಟಾದವನು ಅವತ್ತೇ ಗಂಗಾವತಿಯ ಕಡೆ ಓಡಿದ.

ತಗಡಿನ ತೂತು ನೋಡಿದ ಕೂಡಲೇ ಇವನಿಗೆ ಗೊತ್ತಾಗಿದೆ. ಗೊತ್ತಿದ್ದೂ ಫೋಟೋ ಕಳಿಸಿದ್ದು ಯಾಕೆ ಎಂದು ಕೇಳಿದೆ. "ಗೆರಿ ಎಲ್ಲೀತನಾ ಎಳೀತಾಳ ನೋಡೂಣು ಅಂತ ಕಾದೆ ಯವ್ವಾ. ಆಕಿ ಹಾಲೇಶನ ಹಂತ್ಯಾಕ ನಿಂದ್ರಿಸಿದ್ಲು. ದೇವ್ರ ನಿಂದ್ರಿಸ್ಯಾನ ಅಂದ್ಕೊಂಡೆ" ಅಂದ. ನಾನು ಅವನ ಕೆನ್ನೆಗೆ ಹೊಡೆದೆ ಶೈಲಾ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನ ಗಂಡಸಿಗೆ, ಕೈ ಉರಿಯುವ ಹಾಗೆ. ಮಗಳು ಅಳುತ್ತ ಎಳೆದ ಗೆರೆಯ ಹಿಂದೆ ಅಡಗಿ ಕೂತವನು ದೇವರ ಹೆಸರು ಹೇಳಬಾರದು.

ಮರುದಿನ ಠಾಣೆಗೆ ನಾನೇ ಹೋದೆ. ಅಲ್ಲಿ ಕೂತಿದ್ದ ಸಾಹೇಬರು ಚಹಾ ತರಿಸಿದರು, ಕೇಳಿದರು, ನಕ್ಕರು. ನಿಮ್ಮಪ್ಪ ನನಗಿಂತ ಮುಂಚೆ ಬಂದು, ಸೊಸೆ ಕಣ್ಣೆದುರು ಸತ್ತ ಮೇಲೆ ಮುದುಕಿಗೆ ಅರಳು ಮರಳಾಗಿದೆ, ಟಾಕಿ, ಬಿದಿರು ಎಂದು ಬಡಬಡಿಸುತ್ತಾಳೆ ಎಂದು ಹೇಳಿ ಹೋಗಿದ್ದ. ಹಾಲೇಶ ಕೊಪ್ಪಳದ ಆಸ್ಪತ್ರೆಯಲ್ಲಿದ್ದಾನೆ. ಒಂದು ಕಣ್ಣು ತೆಗೆದಿದ್ದಾರೆ, ಕಾಲು ಇನ್ನು ಅವನನ್ನು ಹೊರುವುದಿಲ್ಲವಂತೆ, ಮಂಚದ ಪಕ್ಕ ಒಬ್ಬ ಪೊಲೀಸು. ಎದ್ದರೆ ಜೈಲು. ನಿನ್ನ ಸಹಿ ಇರುವ ಕಾಗದ, ಗೆರೆ ಎಳೆದ ನಕ್ಷೆ ಬಂದರೆ ಕೇಸು ಗಟ್ಟಿಯಾಗುತ್ತದೆ ಎಂದು ಸಾಹೇಬರು ಅಂದರು. ನಿಮ್ಮಪ್ಪ ನಿನ್ನ ಹತ್ತಿರ ಅದನ್ನೇ ಕೇಳಿದ್ದಾನೆ ಎಂದು ನನಗೆ ಗೊತ್ತು. ದಿನಾ ಫೋನು ತೆಗೆದು ನೋಡುತ್ತಾನೆ. ಊಟಕ್ಕೆ ಕೂತವನು ಅದು ಗುಂಯ್ ಎಂದರೆ ತುತ್ತು ಬಿಟ್ಟು ಏಳುತ್ತಾನೆ.

ನಿಮ್ಮಪ್ಪ ಕೆಟ್ಟವನಲ್ಲ ಎಂದು ಬರೆಯಬೇಕು ಅನ್ನಿಸುತ್ತದೆ. ನಿನ್ನನ್ನು ಹೆಗಲ ಮೇಲೆ ಹೊತ್ತು ಕುಷ್ಟಗಿಯ ಶಾಲೆಗೆ ಬಿಟ್ಟವನು. ನಿನ್ನ ಅವ್ವನಿಗೆ ಬಾವಿಯ ನೀರು ಹೊಲದ ತುಂಬ ಹರಿಸಿ ತೋರಿಸುತ್ತೇನೆ ಎಂದು ಕುಣಿದವನು. ಅವೆಲ್ಲ ನಿಜ. ಹಾಲೇಶನ ಮೊಣಕಾಲೂ ನಿಜ. ಎರಡನ್ನೂ ಹಿಡಿದುಕೊಂಡೇ ಈ ಹಾಳೆ ಬರೆಯುತ್ತಿದ್ದೇನೆ.

ದೇವಿ ಹುಲಿಗೆಮ್ಮ ನಿನ್ನನ್ನು ಆ ಮಂಜಿನಲ್ಲಿ ಬೆಚ್ಚಗೆ ಇಡಲಿ. ನಿನ್ನ ಜೊತೆ ಅಲ್ಲಿ ಇರುವವರಿಗೆಲ್ಲ ಈ ಮುದುಕಿ ಕೇಳಿದಳು ಎಂದು ಹೇಳು. ಇಮಾಮಬೀ ಸಲಾಮು ಹೇಳುತ್ತಾಳೆ, ಅವಳ ಫೋನಿನಿಂದಲೇ ಈ ಹಾಳೆಗಳ ಫೋಟೋ ಬರುತ್ತದೆ. ತಲೆಗೆ ಎಣ್ಣೆ ಹಾಕಿಕೋ.

ನಿನ್ನ ಕೆನ್ನೆ ಹಿಂಡುವ ಅಜ್ಜಿ,
ಹುಲಗಮ್ಮ

ತಾ.ಕ.: ಅವನು ಎಮ್ಮೆಗೆ ನೀರು ಕುಡಿಸಲು ಹೋಗಿದ್ದಾನೆ, ಬೇಗ ಬರೆಯುತ್ತೇನೆ. ಆ ಕಾಗದ ಕಳಿಸಬೇಡ. ಕಳಿಸಿದ್ದರೆ ಅದು ಅರ್ಧ ಎಂದು ಇವತ್ತೇ ತಿಳಿಸು. ಗೆರೆಯನ್ನು ಹಾಲೇಶನ ಕ್ವಾರಿಗೆ ನಿಲ್ಲಿಸದೆ ಮುಂದಕ್ಕೆ ಎಳೆ. ಇಮಾಮಬೀಯ ಟಾಕಿಯ ಫೋಟೋ ಇದರ ಜೊತೆಗಿದೆ, ಬಟ್ಟೆ ತೆಗೆಸಿದ್ದೇನೆ, ಗಳ ಹಾಗೇ ಬಿಟ್ಟಿದ್ದೇನೆ. ಅದರದ್ದೂ ಎಳೆ. ಎರಡೂ ಕೂಡುವಲ್ಲಿ ಯಾರ ಬಾವಿ ಇದೆ ಎಂದು ಹೆಸರು ಹಾಕಿ ಬರೆ. ನನ್ನ ಮಾತಿಗೆ ಠಾಣೆಯಲ್ಲಿ ಚಹಾ ಕೊಡುತ್ತಾರೆ, ನಿನ್ನ ಮಾತಿಗೆ ಎದ್ದು ನಿಲ್ಲುತ್ತಾರೆ. ಹಾಲೇಶನ ಮೇಲೆ ಅವರನ್ನು ಎಬ್ಬಿಸಿದ್ದೂ ನಿನ್ನ ಮಾತೇ. ಅಪ್ಪನ ಹೆಸರು ಬರೆಯುವುದು ಹೇಗೆ ಎಂದು ನನ್ನನ್ನು ಕೇಳಬೇಡ. ನಿಮ್ಮವ್ವ ಶೇಂಗಾ ಬಿಟ್ಟು ಕೇಳಿದ್ದಳಲ್ಲ, ಒಗೆದವನು ಅವನೋ, ಅವನ ಹಿಂದಿನವನೋ ಎಂದು. ಅವಳಿಗೆ ಉತ್ತರ ಬರೆಯುತ್ತಿದ್ದೇನೆ ಎಂದುಕೊಂಡು ಸಹಿ ಮಾಡು.